ಒಬ್ಬರ ಅಡುಗೆಮನೆಗೆ ದಿನಸಿ: ಯಾವುದು ಐದು ಕೆಜಿ, ಯಾವುದು ಕಾಲು ಕೆಜಿ

ಐದು ಜನರ ಮನೆಯ ದಿನಸಿ ಪಟ್ಟಿಯನ್ನು ಐದರಿಂದ ಭಾಗಿಸಿದರೆ ಒಬ್ಬರ ಪಟ್ಟಿ ಬರುವುದಿಲ್ಲ. ಒಬ್ಬರೇ ಇರುವವರು ಮೂರು ಹೊತ್ತೂ ಒಲೆ ಹಚ್ಚುವುದು ಅಪರೂಪ. ತುಮಕೂರಿನ ವಸಂತನರಸಾಪುರದಲ್ಲೋ ಕೋಲಾರದ ನರಸಾಪುರದಲ್ಲೋ ಫ್ಯಾಕ್ಟರಿ ಕೆಲಸವಾದರೆ ಒಂದು ಹೊತ್ತು ಕ್ಯಾಂಟೀನ್, ವಾರಕ್ಕೆರಡು ದಿನ ಹೋಟೆಲ್ ಇಡ್ಲಿ, ತಿಂಗಳಲ್ಲಿ ಎರಡು ಭಾನುವಾರ ಊರು. ಕಳೆದು ನೋಡಿದರೆ ತಿಂಗಳಿಗೆ ಉಳಿಯುವುದು ನಲವತ್ತು, ಹೆಚ್ಚೆಂದರೆ ಐವತ್ತು ಹೊತ್ತಿನ ಅಡುಗೆ. ನಿಮ್ಮ ಲೆಕ್ಕ ಎಷ್ಟು ಎಂದು ಮೊದಲು ಬರೆದುಕೊಳ್ಳಿ. ಇಲ್ಲಿರುವ ಅಳತೆಗಳೆಲ್ಲ ಐವತ್ತು ಹೊತ್ತಿಗೆ ಹಾಕಿದವು: ಇಪ್ಪತ್ತು ಹೊತ್ತು ಮುದ್ದೆ, ಇಪ್ಪತ್ತು ಹೊತ್ತು ಅನ್ನ, ಹತ್ತು ಹೊತ್ತು ತಿಂಡಿ.

ಇನ್ನೊಂದು ವಿಷಯ, ಬೆಲೆ ಕೇಳುವ ಮೊದಲು. ಪೊಟ್ಟಣ ಬಿಚ್ಚಿದ ಮೇಲೆ ಅದು ಎಷ್ಟು ದಿನಕ್ಕೆ ಮುಗಿಯುತ್ತದೆ, ಎಷ್ಟು ದಿನಕ್ಕೆ ಕೆಡುತ್ತದೆ? ಮುಗಿಯುವುದಕ್ಕೆ ಮೊದಲೇ ಕೆಡುವ ಪದಾರ್ಥವನ್ನು ಎಷ್ಟು ಅಗ್ಗಕ್ಕೆ ಕೊಟ್ಟರೂ ತರಬಾರದು. ಉಪ್ಪಿಗೂ ರಾಗಿ ಹಿಟ್ಟಿಗೂ ಒಂದೇ ನಿಯಮ ಹಾಕಲಾಗದಿರುವುದು ಇದೇ ಕಾರಣಕ್ಕೆ. ದಿನಕ್ಕೆ ಒಬ್ಬರಿಗೆ 5 ಗ್ರಾಂ ಒಳಗೆ ಉಪ್ಪು ಸಾಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಮೂರು ಹೊತ್ತೂ ಮನೆಯಲ್ಲೇ ಉಂಡರೂ ತಿಂಗಳಿಗೆ 150 ಗ್ರಾಂ. ಒಂದು ಕೆಜಿ ಪ್ಯಾಕೆಟ್ ಆರು ತಿಂಗಳು ಬರುತ್ತದೆ, ಕೆಡುವುದೂ ಇಲ್ಲ. ಅದೇ ಆರು ತಿಂಗಳು ರಾಗಿ ಹಿಟ್ಟು ಇಟ್ಟರೆ ದನಕ್ಕೆ ಹಾಕಬೇಕು.

ಮಂಡಿಪೇಟೆಯೋ, ಬೀದಿ ಕೊನೆಯ ಅಂಗಡಿಯೋ

ತುಮಕೂರಿನ ಮಂಡಿಪೇಟೆಯಂಥ ಸಗಟು ಬೀದಿಯಲ್ಲಿ ಕೆಜಿಗೆ ಐದೋ ಹತ್ತೋ ರೂಪಾಯಿ ಉಳಿಯುತ್ತದೆ. ಮೂಟೆ ಎತ್ತುವವರಿಗೆ ಅದು ದೊಡ್ಡ ದುಡ್ಡು. ಎರಡು ಕೆಜಿ ರಾಗಿ, ಅರ್ಧ ಕೆಜಿ ಬೇಳೆ, ಐದು ಕೆಜಿ ಅಕ್ಕಿ ಕೊಳ್ಳುವವರಿಗೆ ಉಳಿಯುವ ಐವತ್ತು ರೂಪಾಯಿ ಆಟೊಗೇ ಹೋಗುತ್ತದೆ. ಹಾಗೆಂದು ಸಗಟು ಬೀದಿಯ ಕಡೆ ತಲೆಯೇ ಹಾಕಬಾರದು ಎಂದಲ್ಲ. ವರ್ಷಕ್ಕೊಮ್ಮೆ, ಫೆಬ್ರುವರಿಯಿಂದ ಏಪ್ರಿಲ್ ನಡುವೆ ಹೋಗಿ. ಆಗ ಹೊಸ ಹುಣಸೆಹಣ್ಣೂ ಹೊಸ ಒಣಮೆಣಸಿನಕಾಯಿಯೂ ಬಂದಿರುತ್ತವೆ. ವರ್ಷಕ್ಕಾಗುವಷ್ಟು ತಂದಿಟ್ಟುಕೊಂಡರೂ ಇವೆರಡೂ ಕೆಡುವುದಿಲ್ಲ.

ತಿಂಗಳ ಸಾಮಾನಿಗೆ ಮನೆ ಹತ್ತಿರದ ಪ್ರಾವಿಜನ್ ಸ್ಟೋರೇ ಸರಿ. ನೂರು ಗ್ರಾಂ ಕೇಳಿದರೂ ಮುಖ ಗಂಟಿಕ್ಕದೆ ಕಟ್ಟಿಕೊಡುವ ಅಂಗಡಿ ಒಬ್ಬರ ಸಂಸಾರಕ್ಕೆ ಬಹಳ ದೊಡ್ಡ ಅನುಕೂಲ. ಅಂಗಡಿಯನ್ನು ಆರಿಸುವಾಗ ಬೆಲೆಗಿಂತ ವ್ಯಾಪಾರ ಎಷ್ಟು ಚುರುಕಾಗಿದೆ ಎಂಬುದನ್ನು ನೋಡಿ. ಚೀಲದ ಬಾಯಿ ಮಡಚಿದ ಕಡೆ ಧೂಳು ಕೂತಿದ್ದರೆ, ಬೇಳೆಯ ಮೇಲೆ ಹಿಟ್ಟು ಚೆಲ್ಲಿದಂತೆ ಕಂಡರೆ ಆ ಚೀಲ ತುಂಬ ದಿನದಿಂದ ಅಲ್ಲೇ ಇದೆ. ಕೆಲಸದವರು ಹೆಚ್ಚು ಬಾಡಿಗೆಗಿರುವ ಬೀದಿಗಳಲ್ಲಿ ಅಕ್ಕಿ, ಬೇಳೆ ವಾರದಲ್ಲೇ ಖಾಲಿಯಾಗುತ್ತವೆ, ಹುರುಳಿ, ಅಲಸಂದೆ ಹಾಗೇ ಕೂರುತ್ತವೆ. ಕಾಳನ್ನು ಸಂತೆಯಲ್ಲಿ ರೈತರ ಕೈಯಿಂದ ಕೊಳ್ಳುವುದು ಮೇಲು.

ಸೂಪರ್‌ಮಾರ್ಕೆಟ್‌ನ ಲಾಭ ಒಂದೇ: ಪ್ಯಾಕ್ ಮಾಡಿದ ದಿನಾಂಕ ಕಾಣುತ್ತದೆ. ಗೋಧಿ ಹಿಟ್ಟು, ಎಣ್ಣೆ, ಮಸಾಲೆ ಪುಡಿಗೆ ಇದು ಬೇಕು. ಆದರೆ ಅಲ್ಲಿನ ಲೆಕ್ಕವೆಲ್ಲ ಸಂಸಾರಸ್ಥರಿಗೆ. ‘ಒಂದು ಕೊಂಡರೆ ಇನ್ನೊಂದು ಉಚಿತ’ ಎಂಬ ಗೋಧಿ ಹಿಟ್ಟಿನ ಎರಡನೇ ಪ್ಯಾಕೆಟ್ ಒಬ್ಬರ ಮನೆಯಲ್ಲಿ ಹುಳಕ್ಕೇ ಹೋಗುವುದು. ಮೊಬೈಲ್‌ನಲ್ಲಿ ತರಿಸಿದರೆ ಡೆಲಿವರಿ ಚಾರ್ಜ್ ತಪ್ಪಿಸಲು ಬೇಡದ್ದನ್ನೂ ಸೇರಿಸುವ ಚಾಳಿ ಬೆಳೆಯುತ್ತದೆ. ಜ್ವರ ಬಂದು ಮಲಗಿದ ದಿನಕ್ಕೆ ಅದನ್ನು ಮೀಸಲಿಡಿ.

ರಾಗಿ: ಕಾಳು, ಮಿಲ್ಲಿನ ಹಿಟ್ಟು, ಪ್ಯಾಕೆಟ್

ತುಮಕೂರು, ಕೋಲಾರದ ಕಡೆ ಮೊದಲು ತೀರ್ಮಾನವಾಗಬೇಕಾದದ್ದು ರಾಗಿಯ ವಿಷಯ. ಕಾಳಾಗಿದ್ದಾಗ ರಾಗಿಯಷ್ಟು ಗಟ್ಟಿಮುಟ್ಟಾದ ಧಾನ್ಯ ಇನ್ನೊಂದಿಲ್ಲ. ಕಾಳು ಎಷ್ಟು ಚಿಕ್ಕದೆಂದರೆ ಅಕ್ಕಿಯ ಹುಳಕ್ಕೆ ಒಳಗೆ ಮೊಟ್ಟೆಯಿಟ್ಟು ಮರಿ ಬೆಳೆಸಲು ಜಾಗ ಸಾಲದು. ಹಿಂದೆ ಹಗೇವಿನಲ್ಲಿ, ಅಂದರೆ ನೆಲದೊಳಗಿನ ಧಾನ್ಯದ ಗುಂಡಿಯಲ್ಲಿ, ವರ್ಷಗಟ್ಟಲೆ ಇಡುತ್ತಿದ್ದದ್ದು ಇದೇ ರಾಗಿಯನ್ನು. ಅದನ್ನು ಬೀಸಿದ ಗಳಿಗೆಯಿಂದ ಆಟ ಬದಲಾಗುತ್ತದೆ. ಸಿಪ್ಪೆ, ಮೊಳಕೆಯ ಭಾಗ ಎಲ್ಲವೂ ಹಿಟ್ಟಿಗೆ ಸೇರುವುದರಿಂದ ಅದರಲ್ಲಿರುವ ಕೊಬ್ಬಿನಂಶ ಗಾಳಿಗೆ ಒಡ್ಡಿಕೊಂಡು ಕಮಟುತ್ತದೆ. ತಂಪು ಕಾಲದಲ್ಲಿ ಒಂದೂವರೆ ತಿಂಗಳು ತಡೆಯುವ ಹಿಟ್ಟು ಏಪ್ರಿಲ್‌ನಲ್ಲಿ, ಶೀಟಿನ ಮನೆಯಲ್ಲಿ, ಮೂರು ವಾರಕ್ಕೇ ಕಹಿ ತಿರುಗುತ್ತದೆ. ಮುದ್ದೆ ಕೊನೆಯಲ್ಲಿ ಗಂಟಲಿಗೆ ಕಹಿ ಹತ್ತಿದರೆ ಹಿಟ್ಟು ಹಳತಾಗಿದೆ ಎಂದೇ ಅರ್ಥ. ಬಿಸಿಲಿಗಿಟ್ಟರೆ ಆ ಕಹಿ ಹೋಗುವುದಿಲ್ಲ.

ಒಂದು ಮುದ್ದೆಗೆ ಸುಮಾರು 100 ಗ್ರಾಂ ಹಿಟ್ಟು. ಇಪ್ಪತ್ತು ಮುದ್ದೆಗೆ ತಿಂಗಳಿಗೆ 2 ಕೆಜಿ.

ಕಾಳು ತಂದು ಬೀಸಿಸುವುದು ದಿನವೂ ಮುದ್ದೆ ಉಣ್ಣುವವರಿಗೆ. ಐದು ಕೆಜಿ ಕ್ಲೀನ್ ಮಾಡಿದ ರಾಗಿ ತಂದು ಮೂರು ವಾರಕ್ಕೊಮ್ಮೆ ಎರಡು ಕೆಜಿ ಬೀಸಿಸಿ. ಕ್ಲೀನ್ ಮಾಡದ ರಾಗಿಯಲ್ಲಿ ಕೆಜಿಗೆ ಕೆಲವು ರೂಪಾಯಿ ಉಳಿಯಬಹುದು, ಆದರೆ ಕೇರಿ, ಕಲ್ಲು ಆರಿಸಿ, ತೊಳೆದು, ಒಣಗಿಸಲು ಒಂದು ಮಾಳಿಗೆ ಮತ್ತು ಒಂದಿಡೀ ದಿನ ಬೇಕು. ಪಿಜಿಯಲ್ಲಿ, ಸಿಂಗಲ್ ರೂಮಿನಲ್ಲಿ ಅದು ಆಗದ ಮಾತು. ಎರಡು ಕೆಜಿ ಬೀಸಿಸುವಾಗ ಇನ್ನೊಂದು ತೊಂದರೆ ಇದೆ. ನಿಮಗಿಂತ ಮೊದಲು ಬೀಸಿದವರ ಗೋಧಿಯೋ ಜೋಳವೋ ಕಲ್ಲಿನೊಳಗೆ ಉಳಿದಿದ್ದು ಮೊದಲ ಎರಡು ಹಿಡಿ ಹಿಟ್ಟಿನ ಜೊತೆ ಬರುತ್ತದೆ. ಮೆಣಸಿನಪುಡಿ ಬೀಸುವ ಮಿಷನ್ ಬೇರೆ ಇದೆಯೇ ಎಂದು ಕೇಳಿ, ರಾಗಿ ತಂದವರ ಹಿಂದೆಯೇ ಸರದಿ ಹಿಡಿಯಿರಿ.

ಬೀಸಿಸಿ ತಂದ ಹಿಟ್ಟು ಮುಟ್ಟಿದರೆ ಬಿಸಿ ಇರುತ್ತದೆ. ಹಾಗೇ ಡಬ್ಬಿಗೆ ಸುರಿದು ಮುಚ್ಚಳ ಒತ್ತಿದರೆ ಒಳಗಿನ ಬಿಸಿಗೆ ಮುಚ್ಚಳದಲ್ಲಿ ಬೆವರು ಕಟ್ಟಿ, ಅದೇ ನೀರು ಹಿಟ್ಟಿನ ಮೇಲೆ ಬಿದ್ದು ಗಂಟಾಗುತ್ತದೆ, ಮುಗ್ಗಲು ವಾಸನೆ ಹತ್ತುತ್ತದೆ. ಹಾಳೆಯ ಮೇಲೆ ಹರಡಿ, ಬಟ್ಟೆ ಮುಚ್ಚಿ, ಎರಡು ಗಂಟೆ ಆರಿಸಿ ಆಮೇಲೆ ತುಂಬಿ.

ಹೆಚ್ಚಿನವರಿಗೆ ನಮ್ಮ ಶಿಫಾರಸು ಎರಡನೆಯ ದಾರಿ: ಮಿಲ್ಲಿನವರೇ ಬೀಸಿ ತೂಕಕ್ಕೆ ಮಾರುವ ಹಿಟ್ಟನ್ನು ಹದಿನೈದು ದಿನಕ್ಕೊಂದು ಕೆಜಿ ತರುವುದು. ಬೀಸಿದ್ದು ಇವತ್ತೋ ನಿನ್ನೆಯೋ ಎಂದು ಕೇಳಿ, ಚಿಟಿಕೆ ಬಾಯಿಗೆ ಹಾಕಿಕೊಂಡು ನೋಡಿ. ಹೊಸ ಹಿಟ್ಟಿಗೆ ಒಂದಿಷ್ಟು ಸಿಹಿ ಇರುತ್ತದೆ. ಪ್ಯಾಕೆಟ್ ಹಿಟ್ಟು ತಿಂಗಳಿಗೆ ನಾಲ್ಕೈದು ಸಲ ಮಾತ್ರ ಮುದ್ದೆಯೋ ರೊಟ್ಟಿಯೋ ಮಾಡುವವರಿಗೆ ಸಾಕು. ಅರ್ಧ ಕೆಜಿಯದ್ದನ್ನೇ ಕೊಳ್ಳಿ. ಕೊನೆ ದಿನಾಂಕ ದೂರವಿದೆಯೆಂದು ನಂಬದೆ ಪ್ಯಾಕ್ ಮಾಡಿ ಒಂದು ತಿಂಗಳ ಒಳಗಿನದ್ದನ್ನು ಆರಿಸಿ.

ಅಕ್ಕಿ

ಇಪ್ಪತ್ತು ಹೊತ್ತಿನ ಅನ್ನಕ್ಕೆ ತಲಾ 90 ಗ್ರಾಂ, ಮುದ್ದೆಯ ಮೇಲಿನ ಒಂದು ಸೌಟು ಅನ್ನಕ್ಕೆ ತಲಾ 40 ಗ್ರಾಂ ಹಿಡಿದರೆ ತಿಂಗಳಿಗೆ ಎರಡೂವರೆ ಕೆಜಿ ಚಿಲ್ಲರೆ. ಐದು ಕೆಜಿ ಎರಡು ತಿಂಗಳಿಗೆ ಸರಿಹೋಗುತ್ತದೆ. 26 ಕೆಜಿ ಚೀಲ ನಿಮಗಲ್ಲ. ಆ ವಿಚಿತ್ರ ತೂಕ ಬಂದದ್ದೇ ತೆರಿಗೆ ತಪ್ಪಿಸಲು: 2022ರ ಜುಲೈನಲ್ಲಿ 25 ಕೆಜಿವರೆಗಿನ ಲೇಬಲ್ ಹಚ್ಚಿದ ಪ್ಯಾಕಿಗೆ ಶೇ 5 ಜಿಎಸ್‌ಟಿ ಬಿದ್ದ ಮೇಲೆ ವ್ಯಾಪಾರಿಗಳು ಒಂದು ಕೆಜಿ ಹೆಚ್ಚು ತುಂಬಿದರು. ಒಬ್ಬರೇ ಅದನ್ನು ಮುಗಿಸಲು ಹತ್ತು ತಿಂಗಳು ಬೇಕು. ಅಕ್ಕಿಯ ಹುಳ ಕಾಳಿನೊಳಗೆ ಮೊಟ್ಟೆಯಿಟ್ಟು, ಬೆಚ್ಚಗಿದ್ದರೆ ಸುಮಾರು ತಿಂಗಳೊಳಗೆ ಹೊಸ ತಲೆಮಾರು ಹೊರಬರುತ್ತದೆ. ಹತ್ತು ತಿಂಗಳಲ್ಲಿ ಎಷ್ಟು ತಲೆಮಾರು ಎಂದು ನೀವೇ ಎಣಿಸಿ. ಅಕ್ಕಪಕ್ಕದ ರೂಮಿನ ನಾಲ್ಕು ಜನ ಸೇರಿ ಚೀಲ ತಂದು ತೂಗಿ ಹಂಚಿಕೊಂಡರೆ ಮಾತ್ರ ಲಾಭ.

ಹಳೆ ಅಕ್ಕಿ, ಹೊಸ ಅಕ್ಕಿ ನಡುವೆ ಹಳೆಯದನ್ನೇ ಆರಿಸಿ. ಹೊಸದು ಮುದ್ದೆಗಟ್ಟುತ್ತದೆ, ರಾತ್ರಿ ಉಳಿದ ಅನ್ನಕ್ಕೆ ಬೆಳಗ್ಗೆ ಚಿತ್ರಾನ್ನದ ಒಗ್ಗರಣೆ ಹಾಕುವವರಿಗೆ ಉದುರು ಬೇಕು. ರೇಷನ್ ಅಕ್ಕಿ ಬರುವವರಿಗೆ ಒಂದು ಮಾತು: ಅದರಲ್ಲಿ ಬಣ್ಣದಲ್ಲೋ ಹೊಳಪಿನಲ್ಲೋ ಬೇರೆಯಾಗಿ ಕಾಣುವ, ನೀರಿಗೆ ಹಾಕಿದರೆ ಕೆಲವು ತೇಲುವ ಕಾಳುಗಳು ಪ್ಲಾಸ್ಟಿಕ್ ಅಲ್ಲ. ಕಬ್ಬಿಣಾಂಶ, ಫೋಲಿಕ್ ಆ್ಯಸಿಡ್, ವಿಟಮಿನ್ ಬಿ12 ಸೇರಿಸಿದ ಕಾಳುಗಳವು, ನೂರಕ್ಕೆ ಒಂದರಂತೆ ಬೆರೆಸಿದಂಥವು. ಆರಿಸಿ ಎಸೆಯಬೇಡಿ.

ಬೇಳೆ, ಕಾಳು ಮತ್ತು ಹುಳ

ಒಂದು ಸಲ ಮಾಡಿದ ಸಾರು ಎರಡು ಹೊತ್ತಿಗೆ ಬರುತ್ತದೆ. ತಿಂಗಳಿಗೆ ಇಪ್ಪತ್ತು ಸಲ ಸಾರು, ಸಲಕ್ಕೆ 40 ಗ್ರಾಂ; ಒಟ್ಟು 800 ಗ್ರಾಂ. ಅರ್ಧ ಕೆಜಿ ಬೇಳೆ, ಉಳಿದದ್ದು ಕಾಳು ಎಂದಿಟ್ಟುಕೊಳ್ಳಿ.

ಬೇಳೆಗಳಲ್ಲಿ ತೊಗರಿಯ ರುಚಿಗೆ ಸಮನಿಲ್ಲ, ಆದರೆ ಅದು ಇಪ್ಪತ್ತು ನಿಮಿಷ ನೆನೆದು ಕುಕ್ಕರಿನಲ್ಲಿ ಮೂರು-ನಾಲ್ಕು ಸೀಟಿ ಕೂಗಬೇಕು. ಮೂರು ಲೀಟರ್ ಕುಕ್ಕರಿನ ತಳದಲ್ಲಿ ಒಂದು ಹಿಡಿ ಬೇಳೆ ಬೇಯಿಸುವುದು ಗ್ಯಾಸಿಗೂ ದಂಡ, ತಳ ಹಿಡಿಯುವುದೂ ಉಂಟು. ಒಂದೂವರೆ ಅಥವಾ ಎರಡು ಲೀಟರಿನ ಕುಕ್ಕರ್ ಇದ್ದರೆ ತೊಗರಿ ತನ್ನಿ. ಕುಕ್ಕರೇ ಇಲ್ಲವೆಂದರೆ ಮಸೂರ್ ಬೇಳೆ: ಬರೀ ಪಾತ್ರೆಯಲ್ಲಿ ಹದಿನೈದು-ಇಪ್ಪತ್ತು ನಿಮಿಷಕ್ಕೆ ಕರಗಿ ಬರುತ್ತದೆ. ಹೆಸರುಬೇಳೆ ನಡುವಿನದ್ದು, ಸಾರಿಗೂ ಆಯಿತು, ಪೊಂಗಲ್‌ಗೂ ಆಯಿತು, ಕೋಸಂಬರಿಗೂ ಆಯಿತು. ಒಂದೇ ಬೇಳೆ ಇಡುವ ಜಾಗವಿದ್ದರೆ ಹೆಸರುಬೇಳೆಯೇ ಇರಲಿ.

ಇಡೀ ಕಾಳುಗಳ ವಿಷಯದಲ್ಲಿ ಕಣ್ಣು ಚುರುಕಾಗಿರಬೇಕು. ಅಲಸಂದೆ, ಹೆಸರುಕಾಳು, ಕಡಲೆಕಾಳನ್ನು ಅಂಗೈ ಮೇಲೆ ಹರಡಿಕೊಂಡು ಬೆಳಕಿಗೆ ಹಿಡಿಯಿರಿ. ಕಾಳಿನ ಮೈಮೇಲೆ ಸುಣ್ಣದ ಚುಕ್ಕೆ ಇಟ್ಟಂತೆ ಬಿಳಿ ಬೊಟ್ಟು ಅಂಟಿದ್ದರೆ, ಉಗುರಿನಿಂದ ಕೆರೆದರೆ ಎದ್ದು ಬಂದರೆ, ಅದು ಹುಳದ ಮೊಟ್ಟೆ. ಮರಿ ಅಲ್ಲಿಂದಲೇ ಕೊರೆದು ಒಳಗಿಳಿಯುತ್ತದೆ, ಬೆಳೆದ ಮೇಲೆ ಗುಂಡು ತೂತು ಮಾಡಿಕೊಂಡು ಹಾರುತ್ತದೆ. ಈ ಹುಳ ಹೊಲದಿಂದಲೇ ಜೊತೆಗೆ ಬರುವುದುಂಟು. ಆದ್ದರಿಂದ ಡಬ್ಬಿ ಎಷ್ಟು ಬಿಗಿಯಾಗಿದ್ದರೂ ‘ಒಳಗೆ ಹೇಗೆ ಬಂತು?’ ಎಂದು ಆಶ್ಚರ್ಯಪಡಬೇಕಾಗಿಲ್ಲ.

ತಡೆಯುವ ದಾರಿ ಮೂರು. ಫ್ರಿಜ್ ಇದ್ದರೆ ತಂದ ಕಾಳನ್ನು ಕವರ್ ಸಮೇತ ಫ್ರೀಜರಿನಲ್ಲಿ ನಾಲ್ಕು ದಿನ ಇಡಿ. ಸಿಂಗಲ್ ಡೋರ್ ಫ್ರಿಜ್ಜಿನ ಪುಟ್ಟ ಫ್ರೀಜರ್ ಆದರೆ ಒಂದು ವಾರ. ಹೊರತೆಗೆದ ತಕ್ಷಣ ಕವರ್ ಬಿಚ್ಚಬಾರದು, ತಣ್ಣನೆಯ ಕಾಳಿನ ಮೇಲೆ ನೀರು ಕೂರುತ್ತದೆ. ರೂಮಿನ ಬಿಸಿಗೆ ಬಂದ ಮೇಲೆ ಡಬ್ಬಿಗೆ ಹಾಕಿ. ಫ್ರಿಜ್ ಇಲ್ಲದಿದ್ದರೆ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಕೈ ಸುಡುವಷ್ಟು ಬೆಚ್ಚಗೆ ಮಾಡಿ ಆರಿಸಿಡಬಹುದು. ಹೀಗೆ ಬಿಸಿ ಮಾಡಿದ ಕಾಳು ಮೊಳಕೆ ಕಟ್ಟುವುದನ್ನು ನೆಚ್ಚಬೇಡಿ, ಮೊಳಕೆ ಹುರುಳಿ ಸಾರು ಬೇಕೆಂದರೆ ಆ ಪಾಲನ್ನು ಬೇರೆ ಇಡಿ. ಮೂರನೆಯದು ಹಳೇ ಉಪಾಯ: ಕೆಜಿ ಕಾಳಿಗೆ ಒಂದು ಚಮಚ ಹರಳೆಣ್ಣೆ ಸವರುವುದು. ಎಣ್ಣೆ ಮೊಟ್ಟೆಯನ್ನು ಉಸಿರುಗಟ್ಟಿಸುತ್ತದೆ, ಅಡುಗೆಗೆ ಮುಂಚೆ ತೊಳೆದರೆ ಸಾಕು. ಬೇವಿನ ಸೊಪ್ಪು, ಒಣಮೆಣಸಿನಕಾಯಿ ಹಾಕಿಡುವುದು ಹುಳ ಬರದಂತೆ ಒಂದಿಷ್ಟು ತಡೆದೀತು, ಒಳಗಿರುವ ಮೊಟ್ಟೆಗೆ ಏನೂ ಮಾಡದು.

ಗೋದಾಮಿನಲ್ಲಿ ಮೂಟೆಗಳ ನಡುವೆ ಇಡುವ ಹುಳದ ಗುಳಿಗೆಯನ್ನು, ಯಾರೇ ಕೊಟ್ಟರೂ, ಮನೆಗೆ ತರಬೇಡಿ. ಅದು ಅಲ್ಯುಮಿನಿಯಂ ಫಾಸ್ಫೈಡ್. ಗಾಳಿಯ ತೇವಕ್ಕೆ ಫಾಸ್ಫೀನ್ ಎಂಬ ವಿಷಾನಿಲ ಬಿಡುತ್ತದೆ. ಅಡುಗೆ, ಮಲಗುವುದು ಎರಡೂ ಒಂದೇ ಕೋಣೆಯಲ್ಲಾದರೆ ಕಿಟಕಿ ಹಾಕಿ ಮಲಗಿದವರು ಬೆಳಗ್ಗೆ ಏಳದೇ ಹೋಗಬಹುದು. ಬೋರಿಕ್ ಪೌಡರ್ ಬೆರೆಸುವ ರೂಢಿಯೂ ಬೇಡ.

ರವೆಗೆ ಪ್ರತ್ಯೇಕ ನಿಯಮ. ಹಸಿ ರವೆಯಲ್ಲಿ ಕೆಲವೇ ವಾರಕ್ಕೆ ಜೇಡರ ಬಲೆಯಂಥ ಎಳೆ ಕಾಣಿಸಿಕೊಳ್ಳುತ್ತದೆ. ತಂದ ದಿನವೇ ಅರ್ಧ ಕೆಜಿ ಬನ್ಸಿ ರವೆಯನ್ನು ಸಣ್ಣ ಉರಿಯಲ್ಲಿ ಆರೆಂಟು ನಿಮಿಷ, ಬಣ್ಣ ತಿರುಗದಂತೆ ಘಮ ಬರುವವರೆಗೆ ಹುರಿದು, ಪೂರ್ತಿ ಆರಿಸಿ ಡಬ್ಬಿಗೆ ಹಾಕಿದರೆ ಎರಡು ತಿಂಗಳು ತಡೆಯುತ್ತದೆ. ನೈಟ್ ಶಿಫ್ಟ್ ಮುಗಿಸಿ ಬಂದವರಿಗೆ ಉಪ್ಪಿಟ್ಟಿನ ಅರ್ಧ ಕೆಲಸವೂ ಆಗಿರುತ್ತದೆ.

ಹುಣಸೆ, ಪುಡಿ, ಕೊಬ್ಬರಿ, ಎಣ್ಣೆ

ತುಮಕೂರಿನ ಎಪಿಎಂಸಿ ಹುಣಸೆಹಣ್ಣಿನ ವಹಿವಾಟಿಗೆ ಹೆಸರಾದದ್ದು. ಬೀಜ, ನಾರು ತೆಗೆದ ಹಣ್ಣು ಒಂದೂವರೆ-ಎರಡು ಕೆಜಿ ತಂದರೆ ವರ್ಷ ಕಳೆಯುತ್ತದೆ. ಸಲಕ್ಕೆ ಬೇಕಾಗುವುದು ಸಣ್ಣ ನಿಂಬೆಹಣ್ಣಿಗಿಂತ ಚಿಕ್ಕ ಉಂಡೆ, ಅಂದರೆ ಏಳೆಂಟು ಗ್ರಾಂ. ಕಲ್ಲುಪ್ಪು ಬೆರೆಸಿ ಜಾಡಿಗೋ ಗಾಜಿನ ಬಾಟಲಿಗೋ ಒತ್ತಿ ತುಂಬಿ. ಸ್ಟೀಲ್ ಡಬ್ಬಿಗೆ ಹಾಕಿದರೆ ಹುಳಿಯೂ ಉಪ್ಪೂ ಸೇರಿ ಡಬ್ಬಿಯ ಮೈಯಲ್ಲಿ ಚುಕ್ಕೆ ಚುಕ್ಕೆ ತೂತು ಬೀಳಬಹುದು.

ಸಾರಿನ ಪುಡಿ ತಿಂಗಳಿಗೆ 100 ಗ್ರಾಂ ಸಾಕು. ಊರಿನಿಂದ ಒಂದು ಕೆಜಿ ಕಟ್ಟಿಕೊಟ್ಟರೆ ಕಾಲು ಕೆಜಿ ಮಾತ್ರ ತಂದು ಉಳಿದದ್ದನ್ನು ಅಲ್ಲೇ ಬಿಟ್ಟು ಬನ್ನಿ. ಊರು ದೂರವಾದರೆ ನೂರು ಗ್ರಾಮಿನ ಹತ್ತು ಪೊಟ್ಟಣ ಮಾಡಿ ಫ್ರೀಜರಿಗೆ ಹಾಕಿ. ಪುಡಿಯ ಘಮ ಹಾರುವುದು ಡಬ್ಬಿ ತೆರೆದು ಮುಚ್ಚುವುದರಿಂದ. ಒಲೆಯ ಮೇಲಿನ ಶೆಲ್ಫಿನಲ್ಲಿಟ್ಟರೆ ಇನ್ನೂ ಬೇಗ. ಕುದಿಯುವ ಪಾತ್ರೆಯ ಮೇಲೆ ಡಬ್ಬಿ ಬಗ್ಗಿಸುವ ಅಭ್ಯಾಸವಿದ್ದರೆ ಬಿಡಿ, ಹಬೆ ಒಳಹೊಕ್ಕು ಪುಡಿ ಗಂಟು ಕಟ್ಟುತ್ತದೆ.

ತೆಂಗಿನಕಾಯಿ ಒಡೆದರೆ ಒಂದು ಹೋಳು ಕೆಡುವುದು ಒಬ್ಬರ ಮನೆಯ ಖಾಯಂ ಸಮಸ್ಯೆ. ಫ್ರಿಜ್ ಇದ್ದರೆ ಎರಡೂ ಹೋಳು ಒಟ್ಟಿಗೇ ತುರಿದು, ತಟ್ಟೆಯಲ್ಲಿ ಹರಡಿ ಫ್ರೀಜ್ ಮಾಡಿ ಆಮೇಲೆ ಕವರಿಗೆ ತುಂಬಿದರೆ ಬೇಕಾದಷ್ಟೇ ಉದುರಿಸಿಕೊಳ್ಳಬಹುದು. ಇಲ್ಲದಿದ್ದರೆ ತಿಪಟೂರು ಕಡೆಯ ಕೊಬ್ಬರಿ. ತುರಿ ಬೇಡ, ಇಡೀ ಗಿಟುಕು ಕೊಳ್ಳಿ. ತುರಿದದ್ದು ಬೇಗ ಕಮಟುತ್ತದೆ. ಗಿಟುಕಿನ ಒಳಮೈಯಲ್ಲಿ ಹಸಿರು ಅಥವಾ ಕಪ್ಪು ಬೂಸ್ಟು ಕಂಡರೆ ಹಿಂದಿರುಗಿಸಿ. ಕಡಲೆಬೀಜಕ್ಕೂ ಇದೇ ಮಾತು. ಪಾವಗಡ, ಶಿರಾ, ಚಿಂತಾಮಣಿ ಕಡೆ ಬೀಜ ಧಾರಾಳವಾಗಿ ಸಿಗುತ್ತದೆ. ಬೂಸ್ಟು ಹಿಡಿದ ಬೀಜದಲ್ಲಿರಬಹುದಾದ ಅಫ್ಲಾಟಾಕ್ಸಿನ್ ವಿಷ ಹುರಿದರೂ ಪೂರ್ತಿ ಹೋಗದು.

ಎಣ್ಣೆ ತಿಂಗಳಿಗೆ 600 ಮಿಲಿ ಆಸುಪಾಸು. ಬೆಲೆ ಹೋಲಿಸುವಾಗ ಪ್ಯಾಕೆಟ್‌ನ ಗ್ರಾಂ ಓದಿ: ಒಂದು ಲೀಟರ್ ಎಣ್ಣೆ ಎಂದರೆ ಸುಮಾರು 910 ಗ್ರಾಂ, ಅದೇ ಗಾತ್ರದಲ್ಲಿ ಕಾಣುವ ಕೆಲವು ಪ್ಯಾಕೆಟ್‌ಗಳಲ್ಲಿ ಅದಕ್ಕಿಂತ ಕಡಿಮೆ ಇರುತ್ತದೆ. ಗಾಣದ ಕಡಲೆಕಾಯಿ ಎಣ್ಣೆ ರುಚಿಗೆ ಮೇಲು, ಆದರೆ ರಿಫೈನ್ಡ್ ಎಣ್ಣೆಗಿಂತ ಬೇಗ ವಾಸನೆ ತಿರುಗುತ್ತದೆ, ಅರ್ಧ ಲೀಟರಿಗಿಂತ ಹೆಚ್ಚು ತರಬೇಡಿ. ಹಳೇ ಎಣ್ಣೆಯ ಮೇಲೆ ಹೊಸದನ್ನು ಸುರಿಯುವುದಂತೂ ಬೇಡವೇ ಬೇಡ. ತಳದಲ್ಲಿ ಉಳಿದ ಕಮಟು ಎಣ್ಣೆ ಹೊಸದನ್ನೂ ಕೆಡಿಸುತ್ತದೆ.

ಡಬ್ಬಿಗಳು

ಮಾಮೂಲಿ ಸ್ಟೀಲ್ ಡಬ್ಬಿಯನ್ನು ಇಲಿ ಕಡಿಯದು, ಆದರೆ ಅದರ ಮುಚ್ಚಳ ಗಾಳಿಯನ್ನೂ ತಡೆಯದು; ಅಕ್ಕಿ, ರಾಗಿಕಾಳಿಗೆ ಸಾಕು. ತಿರುಪಿನ ಮುಚ್ಚಳದ ಪ್ಲಾಸ್ಟಿಕ್ ಜಾರಿನಲ್ಲಿ ಎಷ್ಟು ಉಳಿದಿದೆ ಎಂದು ಕಾಣುತ್ತದೆ. ಬೇಳೆ, ರವೆ, ಅವಲಕ್ಕಿಗೆ ಅದೇ ಒಳ್ಳೆಯದು, ಇಲಿ ಇಲ್ಲದ ಮನೆಯಾದರೆ. ಡಬ್ಬಿ ಸಾಮಾನಿಗೆ ತಕ್ಕಷ್ಟೇ ಇರಲಿ. ಐದು ಕೆಜಿ ಡಬ್ಬಿಯ ತಳದಲ್ಲಿ ಒಂದು ಕೆಜಿ ಹಿಟ್ಟಿಟ್ಟರೆ ಉಳಿದದ್ದೆಲ್ಲ ಗಾಳಿ. ಬಿಚ್ಚಿದ ದಿನಾಂಕವನ್ನು ಟೇಪಿನ ಮೇಲೆ ಮಾರ್ಕರ್‌ನಲ್ಲಿ ಬರೆದು ಅಂಟಿಸಿ. ಒಗ್ಗರಣೆ ಡಬ್ಬಿಗೆ ಹದಿನೈದು ದಿನಕ್ಕಾಗುವಷ್ಟೇ ಸಾಸಿವೆ, ಜೀರಿಗೆ, ಅರಿಶಿನ ಹಾಕಿ.

ಟೊಮೆಟೊ, ಅವರೆ, ಹಾಲು

ಕೋಲಾರದಲ್ಲಿ ಟೊಮೆಟೊ ದರ ಕುಸಿದಾಗ ಬಾಕ್ಸ್‌ಗಟ್ಟಲೆ ತರುವ ಆಸೆಯಾಗುತ್ತದೆ. ಒಬ್ಬರಿಗೆ ವಾರಕ್ಕೆ ಒಂದು ಕೆಜಿ ಸಾಕು: ಅರ್ಧ ಹಣ್ಣು, ಅರ್ಧ ದೋರೆಗಾಯಿ. ತೊಟ್ಟಿನ ಕಡೆ ಕೆಳಗೆ ಮಾಡಿ, ಒಂದರ ಮೇಲೊಂದು ಹೇರದೆ ಇಡಿ. ಹೆಚ್ಚಾದರೆ ಉಪ್ಪು, ಖಾರ, ಎಣ್ಣೆ ಹಾಕಿ ಗೊಜ್ಜು ಕಾಯಿಸಿ. ಫ್ರಿಜ್ಜಿನಲ್ಲಿ ವಾರ ಇರುತ್ತದೆ. ದರ ಏರಿದ ತಿಂಗಳಲ್ಲಿ ಹುಣಸೆಹಣ್ಣೇ ಗತಿ.

ಅವರೆ ಸೀಸನ್ನಿನಲ್ಲಿ, ಡಿಸೆಂಬರ್-ಜನವರಿಯಲ್ಲಿ, ಹಿತುಕಿದ ಬೇಳೆಯನ್ನೇ ಕೊಂಡು ನೂರು ಗ್ರಾಮಿನಂತೆ ಕವರ್ ಮಾಡಿ ಫ್ರೀಜರಿಗೆ ಹಾಕಿ. ಕಾಯಿ ತಂದು ಒಬ್ಬರೇ ಸುಲಿದು, ನೆನೆಸಿ, ಹಿತುಕುತ್ತಾ ಕೂತರೆ ಭಾನುವಾರ ಅಲ್ಲಿಗೇ ಮುಗಿಯಿತು.

ಹಾಲಿಗೆ ನಂದಿನಿ ಅರ್ಧ ಲೀಟರ್ ಪ್ಯಾಕೆಟ್, ಮಿಕ್ಕಿದ್ದಕ್ಕೆ ಹೆಪ್ಪು. ಇದರ ಜೊತೆ ನಂದಿನಿಯದೇ ಗುಡ್‌ಲೈಫ್ ಹಾಲಿನ ಒಂದು ಪ್ಯಾಕೆಟ್ ಶೆಲ್ಫಿನಲ್ಲಿರಲಿ. ಪ್ಯಾಕೆಟ್ ಬಿಚ್ಚುವವರೆಗೆ ಫ್ರಿಜ್ ಬೇಡ, ಬಿಚ್ಚಿದ ಮೇಲೆ ಅದೂ ಮಾಮೂಲಿ ಹಾಲಿನಂತೆಯೇ. ಅದರ ಪಕ್ಕದಲ್ಲಿ ಕಾಲು ಕೆಜಿ ಅವಲಕ್ಕಿ, ಕಾಲು ಕೆಜಿ ಹುರಿಗಡಲೆ, ಹುರಿದ ರವೆ ಇದ್ದರೆ ಬಂದ್ ಆದರೂ ಜ್ವರ ಬಂದರೂ ಎರಡು ದಿನ ತಳ್ಳಬಹುದು.

ಊರಿಗೆ ಹತ್ತು ದಿನ ಹೋಗುವುದಿದ್ದರೆ

ಹೋಗುವ ವಾರ ಏನನ್ನೂ ಹೊಸದಾಗಿ ಬಿಚ್ಚಬೇಡಿ. ಉಳಿದ ರಾಗಿ ಹಿಟ್ಟು, ಗೋಧಿ ಹಿಟ್ಟನ್ನು ಕವರಿಗೆ ಹಾಕಿ ಫ್ರಿಜ್ಜಿನಲ್ಲಿಡಿ. ಫ್ರಿಜ್ ಇಲ್ಲದಿದ್ದರೆ ಊರಿಗೇ ಒಯ್ಯಿರಿ, ಅಲ್ಲಿ ಒಂದೇ ದಿನಕ್ಕೆ ಮುಗಿಯುತ್ತದೆ. ಈರುಳ್ಳಿ, ಆಲೂಗಡ್ಡೆಯನ್ನು ಪ್ಲಾಸ್ಟಿಕ್ ಕವರಿನಿಂದ ತೆಗೆದು ಬೇರೆ ಬೇರೆ ಬುಟ್ಟಿಗೆ ಹಾಕಿ. ಒಟ್ಟಿಗಿದ್ದರೆ ಎರಡೂ ಬೇಗ ಕೆಡುತ್ತವೆ, ಆಲೂಗಡ್ಡೆ ಮೊಳೆಯುತ್ತದೆ. ಇಲ್ಲಿ ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಮಳೆ ಹೆಚ್ಚು, ಆ ತಿಂಗಳುಗಳಲ್ಲಿ ಹೋಗುವುದಾದರೆ ಬೆಲ್ಲ ನೀರೊಡೆಯುತ್ತದೆ. ಕಾಗದದಲ್ಲಿ ಸುತ್ತಿ ಬಿಗಿ ಮುಚ್ಚಳದ ಡಬ್ಬಿಗೆ ಹಾಕಿ, ಡಬ್ಬಿಯನ್ನು ನೀರಿರುವ ತಟ್ಟೆಯ ನಡುವೆ ಇಡಿ, ಇರುವೆ ದಾಟುವುದಿಲ್ಲ.